ಸಮಾಂಸಮೀನಾ ಮತ್ತು ಬಷ್ಕಯಣೀ: ಮೈಸೂರು ದೇಶದ ಗೋಪಾಲನೆಯಲ್ಲಿ ಪ್ರಸವೋತ್ತರ ಕಾಲದ ವಿಚಾರ

ಅಮರಸಿಂಹನು ನಾಮಲಿಂಗಾನುಶಾಸನದ ವೈಶ್ಯವರ್ಗದಲ್ಲಿ ಗೋವಿನ ಹೆಸರುಗಳನ್ನು ಹೇಳತೊಡಗಿ, ಬಣ್ಣದಿಂದ ಬರುವ ಹೆಸರುಗಳನ್ನು ಒಂದು ಮಾತಿನಲ್ಲಿ ಮುಗಿಸುತ್ತಾನೆ. ವಯಸ್ಸಿನಿಂದ ಬರುವ ಹೆಸರುಗಳಿಗೂ ಹೆಚ್ಚು ಸ್ಥಳವನ್ನು ಕೊಡುವುದಿಲ್ಲ. ಉಳಿದ ಹೆಸರುಗಳಲ್ಲಿ ಬಹುಭಾಗವನ್ನು ಈಯುವಿಕೆಗೆ ಮೀಸಲು ಮಾಡಿದ್ದಾನೆ. ಬಂಜೆಯಾದುದು ವಶಾ, ಗರ್ಭವು ಜಾರಿಹೋದುದು ಅವತೋಕಾ, ಹೋರಿಯು ಹತ್ತಿದುದು ಸಂಧಿನೀ, ಗರ್ಭವನ್ನು ಕೆಡಿಸಿಕೊಳ್ಳುವುದು ವೇಹತ್, ಹೋರಿಗೆ ಬಿಡುವ ಕಾಲ ಬಂದುದು ಉಪಸರ್ಯಾ, ಎಳೆಯ ವಯಸ್ಸಿನಲ್ಲಿಯೇ ಗಬ್ಬವಾದುದು ಪ್ರಷ್ಠೌಹೀ, ಹೊಸದಾಗಿ ಈದುದು ಧೇನು, ಹಲವು ಸಲ ಈದುದು ಪರೇಷ್ಟುಕಾ, ಈದು ಬಹುಕಾಲವಾದುದು ಬಷ್ಕಯಣೀ, ವರ್ಷ ವರ್ಷವೂ ಈಯುವುದು ಸಮಾಂಸಮೀನಾ. ೧೮೭೬ರಲ್ಲಿ ಸ್ಥಾಪಿತವಾದ ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿಯೂ ನಾಡಿನ ಇತರ ಪಾಠಶಾಲೆಗಳಲ್ಲಿಯೂ ಬಾಲಕರು ಈ ಪದಗಳನ್ನು ಕಂಠಪಾಠ ಮಾಡುವರು. ಇವುಗಳಲ್ಲಿ ಯಾವುದು ಯಾವ ಹಸು ಎಂಬುದನ್ನು ಕೊಟ್ಟಿಗೆಗೆ ಹೋಗಿ ನೋಡಿ ತಿಳಿದವರು ಬಹಳ ಮಂದಿ ಇರಲಾರರು. ಕೊಟ್ಟಿಗೆಯಲ್ಲಿ ಬೆಳೆದವನಿಗಾದರೋ ಈ ಪದಗಳು ದೊರೆಯುವುದಿಲ್ಲ.

ಈ ಪಟ್ಟಿಯ ಕೊನೆಯ ಎರಡು ಪದಗಳು ಒಂದಕ್ಕೊಂದು ಪ್ರತಿದ್ವಂದ್ವಿಗಳು. ಒಂದು ಗೋಪಾಲಕನ ಆಸೆ, ಮತ್ತೊಂದು ಅವನ ಪ್ರತಿದಿನದ ಅನುಭವ. ಮೈಸೂರು ದೇಶದ ಪ್ರಸಿದ್ಧ ಗೋತಳಿಯಾದ ಅಮೃತಮಹಲಿನ ಹಸುವು ಸಂತಾನದಲ್ಲಿ ಮಂದವಾದುದು, ಒಂದು ಸಲ ಈದರೆ ಮತ್ತೆ ಗಬ್ಬವಾಗಲು ಬಹಳ ಕಾಲ ಹಿಡಿಯುವುದು ಎಂಬ ಅಪವಾದವು ಬಹುಕಾಲದಿಂದ ನಡೆದುಬಂದಿದೆ. ಅಪವಾದದಲ್ಲಿ ಹೇಳಿದ ಸಂಗತಿಯು ನಿಜವೇ. ಆದರೆ ಅದು ಹಸುವಿನ ದೋಷವೇ, ಗರ್ಭಾಶಯದ ರೋಗವೇ, ಅಥವಾ ಪಾಲಕರು ಬೇಕೆಂದೇ ಹಾಕಿಕೊಂಡ ವ್ಯವಸ್ಥೆಯ ಫಲವೇ ಎಂಬುದನ್ನು ವಿವೇಚಿಸಿದವರು ಕಡಮೆ. ಈ ವಿವೇಚನೆಗೆ ಬೇಕಾದ ಸಾಮಗ್ರಿಯು ವ್ಯಾಕರಣ, ವೈದ್ಯ, ಅರ್ಥಶಾಸ್ತ್ರ ಮತ್ತು ಸಂಸ್ಥಾನದ ಇತಿಹಾಸಗಳಲ್ಲಿ ಚದರಿಹೋಗಿದೆ.

ಮೊದಲು ವ್ಯಾಕರಣ. ಸಮಾಂಸಮೀನಾ ಎಂಬ ಪದವನ್ನು ಸಾಧಿಸುವುದಕ್ಕಾಗಿಯೇ ಪಾಣಿನಿಯು ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಹನ್ನೆರಡನೆಯ ಸೂತ್ರವನ್ನು ರಚಿಸಿದ್ದಾನೆ. ಅದರ ಮುಂದಿನ ಸೂತ್ರದಿಂದ ಸಿದ್ಧವಾಗುವ ಅದ್ಯಶ್ವೀನಾ ಎಂಬ ಪದಕ್ಕೆ ಇಂದೋ ನಾಳೆಯೋ ಈಯುವ ಹಸು ಎಂದು ಅರ್ಥ. ಉಪಸರ್ಯಾ ಎಂಬುದಕ್ಕೆ ಮೂರನೆಯ ಅಧ್ಯಾಯದಲ್ಲಿ ಬೇರೊಂದು ಸೂತ್ರವಿದೆ. ಗೃಷ್ಟಿ, ಧೇನು, ವಶಾ, ವೇಹತ್, ಬಷ್ಕಯಣೀ ಎಂಬುವು ಎರಡನೆಯ ಅಧ್ಯಾಯದ ಸಮಾಸಪ್ರಕರಣದಲ್ಲಿ ಒಂದೇ ಸೂತ್ರದಲ್ಲಿ ಒಟ್ಟಾಗಿ ನಿಂತಿವೆ. ಲೋಕದಲ್ಲಿ ಬಳಕೆಯಲ್ಲಿಲ್ಲದ ಪದಕ್ಕೆ ಸೂತ್ರಕಾರನು ಸೂತ್ರವನ್ನು ವ್ಯಯ ಮಾಡುವವನಲ್ಲ. ಆದುದರಿಂದ ಅವನ ಕಾಲದ ಗೋಷ್ಠಗಳಲ್ಲಿ ಹಸುಗಳನ್ನು ಈದ ದಿನದಿಂದ ಎಣಿಸಿ ವಿಂಗಡಿಸುವ ಪದ್ಧತಿಯು ದೃಢವಾಗಿದ್ದಿತೆಂದು ತಿಳಿಯಬಹುದಾಗಿದೆ.

ಸಮಾಂಸಮೀನಾ ಶಬ್ದದಲ್ಲಿ ದ್ವಿತೀಯಾ ವಿಭಕ್ತಿಯು ಏಕೆ ಬಂದಿತೆಂಬುದಕ್ಕೆ ಕಾಶಿಕಾವೃತ್ತಿಯು ಕೊಡುವ ಸಮಾಧಾನವು ಇಲ್ಲಿ ಸ್ವಾರಸ್ಯವಾಗಿದೆ. ಗರ್ಭಧಾರಣೆಯು ವರ್ಷವೆಲ್ಲವನ್ನೂ ವ್ಯಾಪಿಸಿರುವುದರಿಂದ ಅತ್ಯಂತಸಂಯೋಗದಲ್ಲಿ ದ್ವಿತೀಯೆ ಎಂದು ವೃತ್ತಿಯ ಅಭಿಪ್ರಾಯ. ವೈಯಾಕರಣನ ವರ್ಷವು ಹೀಗೆ ತುಂಬಿಹೋಯಿತು. ಗೋಪಾಲಕನ ವರ್ಷವು ತುಂಬುವುದಿಲ್ಲ. ಹಸುವಿನ ಗರ್ಭಕಾಲವು ಸುಮಾರು ೨೮೦ ರಿಂದ ೨೯೦ ದಿನಗಳು. ಸಾಧಾರಣವಾಗಿ ೨೮೫ ಎಂದಿಟ್ಟುಕೊಂಡರೆ ವರ್ಷದ ೩೬೫ ದಿನಗಳಲ್ಲಿ ೮೦ ದಿನಗಳು ಉಳಿಯುತ್ತವೆ. ಹಸುವು ಸಮಾಂಸಮೀನೆಯೆಂಬ ಹೆಸರನ್ನು ಉಳಿಸಿಕೊಳ್ಳಬೇಕಾದರೆ ಈದ ದಿನದಿಂದ ಈ ೮೦ ದಿನಗಳೊಳಗೆ ಅದರ ಗರ್ಭಾಶಯವು ಮೊದಲಿನಂತಾಗಿ, ಬೆದೆ ಮರಳಿ ಬಂದು, ಗಬ್ಬ ನಿಲ್ಲಬೇಕು. ಒಂದು ಬೆದೆ ತಪ್ಪಿದರೆ ಮತ್ತೊಂದಕ್ಕೆ ಸುಮಾರು ೨೧ ದಿನ ಕಾಯಬೇಕು. ಎರಡು ತಪ್ಪಿದರೆ ಹೆಸರೇ ತಪ್ಪಿಹೋಗುವ ಸಂಭವವುಂಟು.

ಈ ೮೦ ದಿನಗಳಲ್ಲಿ ಒಳಗೆ ನಡೆಯುವುದೇನು ಎಂಬುದನ್ನು ಈಚಿನ ಪಶುವೈದ್ಯಶಾಸ್ತ್ರವು ವಿಶದಪಡಿಸಿದೆ. ಈದ ಕೂಡಲೆ ಸುಮಾರು ೯ ಕಿಲೋಗ್ರಾಂ ತೂಗುವ ಗರ್ಭಾಶಯವು ಒಂದು ತಿಂಗಳಾಗುವ ಹೊತ್ತಿಗೆ ೧ ಕಿಲೋಗ್ರಾಮಿನ ಸುತ್ತಮುತ್ತಲಿಗೆ ಇಳಿಯುತ್ತದೆ; ೪೦ ದಿನಗಳ ವೇಳೆಗೆ ಬಹುಮಟ್ಟಿಗೆ ತನ್ನ ಪೂರ್ವಸ್ಥಿತಿಗೆ ಬರುತ್ತದೆ. ಮಾಸು ೧೨ ಗಂಟೆಗಳೊಳಗೆ ಬೀಳುವುದು ಸಹಜ. ೨೪ ಗಂಟೆ ಮೀರಿದರೆ ಅದು ನಿಂತುಹೋಯಿತೆಂದೇ ಎಣಿಕೆ. ಮೊದಲ ಎರಡು ವಾರಗಳಲ್ಲಿ ಬಹುತೇಕ ಎಲ್ಲ ಹಸುಗಳ ಗರ್ಭಾಶಯಕ್ಕೂ ಸೂಕ್ಷ್ಮಕ್ರಿಮಿಗಳು ಪ್ರವೇಶಿಸುತ್ತವೆ. ಆರೋಗ್ಯವಾದ ಹಸುವು ಅವನ್ನು ಸ್ರಾವದೊಡನೆ ತಾನೇ ಹೊರಕ್ಕೆ ಹಾಕುತ್ತದೆ. ಹಾಕಲಾರದುದಕ್ಕೆ ಮೊದಲ ಮೂರು ವಾರಗಳಲ್ಲಿ ದುರ್ಗಂಧದ ಸ್ರಾವ, ಜ್ವರ, ಮೇವಿನಲ್ಲಿ ಅರುಚಿ ಕಾಣುತ್ತವೆ. ಆ ಬಳಿಕ ಜ್ವರವಿಲ್ಲದೆ ಕೇವಲ ಒಳಪೊರೆಯಲ್ಲಿ ಉರಿಯೂತವು ನಿಂತು, ನೋಡಲು ಸ್ವಸ್ಥವಾಗಿದ್ದರೂ ಗಬ್ಬ ಕಟ್ಟದ ಹಸುವಾಗುತ್ತದೆ. ಇದು ವಿಳಂಬದ ಮೊದಲನೆಯ ಕಾರಣ. ಎರಡನೆಯದು ಇದಕ್ಕಿಂತ ಭಿನ್ನ. ಗರ್ಭಾಶಯವು ನಿರ್ಮಲವಾಗಿಯೇ ಇರುತ್ತದೆ. ಆದರೆ ಕರುವು ಸದಾ ಮೊಲೆಯುಣ್ಣುತ್ತಿರುವುದರಿಂದಲೂ ಮೇವು ಸಾಲದೆ ಮೈ ಇಳಿದಿರುವುದರಿಂದಲೂ ಅಂಡಕೋಶವು ಎಚ್ಚರಗೊಳ್ಳದೆ ಬೆದೆಯೇ ಬರುವುದಿಲ್ಲ. ಈ ಎರಡು ಕಾರಣಗಳನ್ನು ಬೆರಸಿದುದರಿಂದಲೇ ಅಮೃತಮಹಲಿನ ಹಸುವಿಗೆ ಅಪವಾದವು ಬಂದಿತು.

ಪ್ರಾಚೀನರು ಈ ಭೇದವನ್ನು ಎಷ್ಟರಮಟ್ಟಿಗೆ ಕಂಡಿದ್ದರು? ಬಷ್ಕಯಣೀ ಎಂಬ ಪದವನ್ನು ಬಿಡಿಸಿ ನೋಡಬೇಕು. ಬಷ್ಕಯವೆಂದರೆ ಬೆಳೆದ ಕರು, ವರ್ಷ ತುಂಬಿದ ಕರು; ಋಗ್ವೇದದ ಮೊದಲನೆಯ ಮಂಡಲದಲ್ಲಿಯೇ ಈ ಶಬ್ದವು ವತ್ಸಶಬ್ದಕ್ಕೆ ವಿಶೇಷಣವಾಗಿ ಬಂದಿದೆ. ಹಾಗಾದರೆ ಬಷ್ಕಯಣೀ ಎಂಬುದು ಗರ್ಭಾಶಯದಿಂದ ಹುಟ್ಟಿದ ಹೆಸರಲ್ಲ, ಪಕ್ಕದಲ್ಲಿ ನಿಂತಿರುವ ಕರುವಿನಿಂದ ಹುಟ್ಟಿದ ಹೆಸರು. ಈದು ಬಹುಕಾಲವಾಗಿದೆ, ಕರು ದೊಡ್ಡದಾಗಿದೆ, ಇನ್ನೂ ಉಣ್ಣುತ್ತಿದೆ, ಮತ್ತೊಂದು ಹುಟ್ಟಿಲ್ಲ ಎಂಬ ನಾಲ್ಕು ಸಂಗತಿಗಳು ಆ ಒಂದು ಶಬ್ದದಲ್ಲಿ ಅಡಗಿವೆ. ವಶಾ ಎಂಬ ಬಂಜೆಯ ಹೆಸರಿಗೂ ಇದಕ್ಕೂ ಕೋಶಕಾರನು ಸ್ವಲ್ಪವೂ ಸಂಬಂಧವನ್ನು ಕಲ್ಪಿಸಲಿಲ್ಲ. ಕರು ಉಣ್ಣುವುದರಿಂದ ಬೆದೆ ತಡೆಯುತ್ತದೆಂಬ ಕಾರ್ಯಕಾರಣವನ್ನು ಅವರು ತಿಳಿದಿದ್ದರೆಂದು ಇಷ್ಟರಿಂದಲೇ ಸಾಧಿಸಲಾಗದು. ಎರಡೂ ಒಟ್ಟಿಗೆ ಇರುತ್ತವೆಂಬುದನ್ನು ಕಂಡಿದ್ದರೆಂಬುದು ಮಾತ್ರ ನಿಶ್ಚಯ.

ಇಂಥ ಎಚ್ಚರಿಕೆಯು ವೇಹತ್ ಎಂಬ ಪದದ ವಿಷಯದಲ್ಲಿ ಮತ್ತಷ್ಟು ಅವಶ್ಯಕ. ಅವತೋಕೆಯು ಅಕಸ್ಮಾತ್ತಾಗಿ ಗರ್ಭವನ್ನು ಕಳೆದುಕೊಂಡುದೆಂದೂ, ವೇಹತ್ ಎಂಬುದು ಹೋರಿಯ ಸಂಪರ್ಕದಿಂದ ಗರ್ಭವನ್ನು ಕಳೆದುಕೊಳ್ಳುವುದೆಂದೂ ವ್ಯಾಖ್ಯಾನಕಾರರು ಭೇದವನ್ನು ಹೇಳುವರು. ಹೋರಿಯಿಂದ ಹಸುವಿಗೆ ಹರಡಿ ಎಳೆಯ ಗರ್ಭವನ್ನು ನಾಶಮಾಡುವ ಕೆಲವು ಸಾಂಕ್ರಾಮಿಕ ರೋಗಗಳು ಇಂದು ಗೊತ್ತಾಗಿವೆ. ಹಸುಗಳು ಸಾಲಾಗಿ ಕಂದುಹಾಕುವ ಮತ್ತೊಂದು ರೋಗದ ಕ್ರಿಮಿಯನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ೧೮೯೭ರಲ್ಲಿ ಕಂಡುಹಿಡಿದನು. ಬ್ರೂಸೆಲ್ಲಾ ಎಂದು ಈಗ ಹೆಸರಾದ ಆ ಕ್ರಿಮಿಯು ತಗುಲಿದ ಹಸುಗಳಲ್ಲಿ ಮಾಸು ನಿಲ್ಲುವುದು ಸಾಮಾನ್ಯ. ಇವನ್ನೆಲ್ಲ ಅಮರಸಿಂಹನ ಅರ್ಧಶ್ಲೋಕದಲ್ಲಿ ಕಾಣುವೆವೆಂದು ಹೇಳುವ ಉತ್ಸಾಹಿಗಳಿಲ್ಲದೆ ಇಲ್ಲ. ಕೋಶವು ಕೋಶವೇ, ಅದನ್ನು ಚಿಕಿತ್ಸಾಗ್ರಂಥವನ್ನಾಗಿ ಮಾಡಿದರೆ ಕೋಶಕ್ಕೂ ಚಿಕಿತ್ಸೆಗೂ ಹಾನಿ.

ಚಿಕಿತ್ಸೆಯ ವಿಷಯವನ್ನು ವೈದ್ಯಗ್ರಂಥಗಳಲ್ಲಿಯೇ ನೋಡಬೇಕು. ಮಾಸಿನ ಪ್ರಸ್ತಾಪವು ಅಥರ್ವವೇದದ ಮೊದಲನೆಯ ಕಾಂಡದಷ್ಟು ಹಿಂದಕ್ಕೆ ಹೋಗುತ್ತದೆ. ಸುಖಪ್ರಸವಕ್ಕಾಗಿ ಇರುವ ಆ ಸೂಕ್ತದಲ್ಲಿ ಜರಾಯುವು ಕೆಳಕ್ಕೆ ಬಿದ್ದು ನಾಯಿಗೆ ಆಹಾರವಾಗಲೆಂಬ ಪ್ರಾರ್ಥನೆಯಿದೆ. ಚರಕಸುಶ್ರುತರು ಅಪರಾ ಎಂಬ ಹೆಸರಿನಿಂದ ಅದನ್ನೇ ಹೇಳಿ, ಬೀಳದಿದ್ದರೆ ಹೊಟ್ಟೆಯನ್ನು ಅದುಮುವುದು, ಗಂಟಲನ್ನು ಕೂದಲಿನಿಂದ ಕೆಣಕುವುದು, ಧೂಪವನ್ನು ಹಾಕುವುದು ಮುಂತಾದ ಉಪಾಯಗಳನ್ನು ವಿಧಿಸಿರುವರು. ಉಗುರು ಕತ್ತರಿಸಿ ಎಣ್ಣೆ ಸವರಿದ ಕೈಯಿಂದ ತೆಗೆಯುವ ಕ್ರಮವನ್ನೂ ಸುಶ್ರುತನು ಹೇಳುತ್ತಾನೆ. ಇವೆಲ್ಲ ಸ್ತ್ರೀಯರ ವಿಷಯವಾಗಿ ಹೇಳಿದವು. ಆದರೂ ಸುಶ್ರುತನ ಶಾರೀರಸ್ಥಾನದ ಒಂದು ಮಾತನ್ನು ಇಲ್ಲಿ ಸ್ಮರಿಸಲೇಬೇಕು. ಬಾಣಂತಿಗೆ ಸೂತಿಕೆಯೆಂಬ ಹೆಸರು ಎಷ್ಟು ಕಾಲ? ಒಂದೂವರೆ ತಿಂಗಳೆಂದು ಅವನ ಮತ. ಪುನಃ ಆರ್ತವವು ಕಾಣುವವರೆಗೆ ಎಂದು ಮತ್ತೆ ಕೆಲವರ ಮತವನ್ನೂ ಅವನೇ ಎತ್ತಿ ಹೇಳಿದ್ದಾನೆ. ದಿನಗಳ ಲೆಕ್ಕ ಒಂದು, ದೇಹವು ಕೊಡುವ ಗುರುತು ಮತ್ತೊಂದು. ಇಂದು ಪಶುವೈದ್ಯನು ಹಸುವನ್ನು ಪರೀಕ್ಷಿಸುವಾಗಲೂ ಇವೇ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುತ್ತಾನೆ: ಗರ್ಭಾಶಯವು ಕುಗ್ಗಿತೇ, ಬೆದೆ ಬಂದಿತೇ. ಮೊದಲನೆಯದಕ್ಕೆ ಹೌದೆಂದೂ ಎರಡನೆಯದಕ್ಕೆ ಇಲ್ಲವೆಂದೂ ಉತ್ತರ ಬರುವ ಹಸುವೇ ಬಷ್ಕಯಣಿಯಾಗತಕ್ಕ ಹಸು.

ಕನ್ನಡದಲ್ಲಿ ಪಶುವೈದ್ಯಕ್ಕೆ ಗ್ರಂಥಗಳಿಲ್ಲದೆ ಇಲ್ಲ. ೧೧ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಆ ಭಾಗವು ಉಂಟು. ಚಾಲುಕ್ಯ ರಾಜಪುತ್ರನೂ ಆರನೆಯ ವಿಕ್ರಮಾದಿತ್ಯನ ತಮ್ಮನೂ ಆದ ಕೀರ್ತಿವರ್ಮನ ಗೋವೈದ್ಯವು ಇದಕ್ಕೆಂದೇ ಹೊರಟ ಗ್ರಂಥ; ಅದರ ಕಾಲವನ್ನು ಸುಮಾರು ಕ್ರಿ. ಶ. ೧೧೨೫ ಎಂದು ಕವಿಚರಿತೆಕಾರರು ನಿರ್ಣಯಿಸಿರುವರು. ಮದ್ದೂ ಮಂತ್ರವೂ ಅದರಲ್ಲಿ ಬೆರೆತುಕೊಂಡಿವೆ. ಅರಸುಮಗನೊಬ್ಬನು ಆನೆ ಕುದುರೆಗಳನ್ನು ಬಿಟ್ಟು ಹಸುವಿನ ರೋಗಗಳನ್ನು ಕುರಿತು ಕನ್ನಡದಲ್ಲಿ ಬರೆದನೆಂಬುದೇ ಗಣನೀಯವಾದ ಸಂಗತಿ. ಗ್ರಂಥಗಳಿಗಿಂತ ಜನರ ಮಾತು ಈ ವಿಷಯದಲ್ಲಿ ಹೆಚ್ಚು ಶ್ರೀಮಂತವಾಗಿದೆ. ಕಡಸು, ಚೊಚ್ಚಲು, ಗಬ್ಬ, ಬೆದೆ, ಗೊಡ್ಡು, ಬತ್ತಿದ ಹಸು ಇವು ಇಂದಿಗೂ ನಡೆಯುತ್ತಿರುವ ಮಾತುಗಳು. ಸಂಸ್ಕೃತದ ಧೇನುವಿಗೆ ಹಳಗನ್ನಡದ ಎಳಗಂದಿ ಸರಿಸಮವಾದ ಪದ. ಅದರಲ್ಲಿರುವ ಕಂದು ಎಂಬುದೇ ಕಂದುಹಾಕು ಎಂಬಲ್ಲಿಯೂ ಇದೆ. ಹುಟ್ಟಿದ ಕರುವಿಗೂ ಹುಟ್ಟದೆ ಹೋದ ಕರುವಿಗೂ ಭಾಷೆಯು ಒಂದೇ ಹೆಸರನ್ನು ಕೊಟ್ಟಿತು. ಮಾಸಿಗೆ ಸತ್ತೆಯೆಂದೂ ಕಸವೆಂದೂ ಪ್ರದೇಶಭೇದದಿಂದ ಹೆಸರುಗಳಿವೆ.

ಮಾಸು ಬೀಳುವವರೆಗೆ ಹಸುವಿನ ಬಳಿ ಒಬ್ಬರು ಕಾದಿರುವುದು ನಾಡಿನ ಹಳ್ಳಿಗಳಲ್ಲಿ ವಾಡಿಕೆ. ಹಸುವು ಅದನ್ನು ತಿನ್ನದಂತೆ ನೋಡಿಕೊಂಡು, ಹುಲ್ಲಿನಲ್ಲಿಯೋ ಬಟ್ಟೆಯಲ್ಲಿಯೋ ಸುತ್ತಿ, ಹಾಲು ಸುರಿಯುವ ಮರವೆಂದು ಆಲದ ಮರಕ್ಕೆ ಕಟ್ಟಿಬರುವರು. ಹಾಗೆ ಮಾಡಿದರೆ ಹಸುವಿನ ಹಾಲು ಹೆಚ್ಚುವುದೆಂದು ನಂಬಿಕೆ. ವೇದದ ಋಷಿಯು ನಾಯಿಗೆ ಕೊಟ್ಟುದನ್ನು ಇವರು ಆಲಕ್ಕೆ ಕೊಟ್ಟರು. ನಂಬಿಕೆಯ ಮಾತು ಹೇಗಾದರೂ ಇರಲಿ, ಕಟ್ಟುವುದಕ್ಕೆ ಮಾಸು ಬೇಕಾದುದರಿಂದ ಅದು ಬಿದ್ದಿತೋ ಇಲ್ಲವೋ ಎಂಬುದು ಆ ದಿನವೇ ಮನೆಯವರಿಗೆ ತಿಳಿಯುತ್ತಿತ್ತು. ಬೀಳದಿದ್ದಾಗ ಅದಕ್ಕೆ ಕಲ್ಲನ್ನೋ ಹಳೆಯ ಕೆರವನ್ನೋ ತೂಗುಬಿಡುವ ಪದ್ಧತಿಯು ಮಾತ್ರ ಹಾನಿಕರವಾದುದು. ಬಲಾತ್ಕಾರದಿಂದ ಎಳೆದ ಮಾಸು ಹರಿದು ತುಂಡು ಒಳಗೆ ಉಳಿಯುತ್ತದೆ, ಗರ್ಭಾಶಯದ ಒಳಪೊರೆಗೆ ಗಾಯವಾಗುತ್ತದೆ. ಕೈಹಾಕಿ ಕಿತ್ತು ತೆಗೆಯುವುದನ್ನು ಕೂಡ ಈಚಿನ ಪಶುವೈದ್ಯರು ಬಹುಮಟ್ಟಿಗೆ ಬಿಟ್ಟಿರುವರು.

ಧರ್ಮಶಾಸ್ತ್ರದ ಒಂದು ವಿಧಿಯೂ ಈ ಸಂದರ್ಭದಲ್ಲಿ ಸ್ಮರಣೀಯ. ಈದು ಹತ್ತು ದಿನಗಳಾಗದ ಹಸುವಿನ ಹಾಲನ್ನೂ ಸಂಧಿನಿಯ ಹಾಲನ್ನೂ ಕರು ಇಲ್ಲದ ಹಸುವಿನ ಹಾಲನ್ನೂ ಮನುವು ಐದನೆಯ ಅಧ್ಯಾಯದಲ್ಲಿ ನಿಷೇಧಿಸಿರುವನು. ನಿಷೇಧವು ಉಣ್ಣುವವನ ಶುದ್ಧಿಗಾಗಿ ಹೇಳಿದುದಾದರೂ, ಅದನ್ನು ನಡೆಸಿದರೆ ಮೊದಲ ಹತ್ತು ದಿನಗಳ ಹಾಲೆಲ್ಲವೂ ಕರುವಿನದಾಗುತ್ತದೆ. ಮೈಸೂರು ಸೀಮೆಯ ಅಡಿಗೆಮನೆಗಳಲ್ಲಿ ಗಿಣ್ಣಿನ ಮೇಲಿರುವ ಆದರವನ್ನು ನೋಡಿದರೆ ಈ ವಿಧಿಯು ಎಲ್ಲ ಮನೆಗಳಲ್ಲಿಯೂ ನಡೆಯಲಿಲ್ಲವೆಂಬುದು ಸ್ಪಷ್ಟ.

ಈಗ ಅರ್ಥಶಾಸ್ತ್ರಕ್ಕೆ ಬರೋಣ. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚುಮಾಡಿ ಪ್ರಕಟಿಸಿದರು. ಅದರ ಎರಡನೆಯ ಅಧಿಕರಣದ ಗೋಧ್ಯಕ್ಷ ಪ್ರಕರಣವನ್ನು ರಾಜ್ಯಶಾಸ್ತ್ರಜ್ಞರು ಸಾಮಾನ್ಯವಾಗಿ ಬೇಗನೆ ದಾಟಿಹೋಗುವರು. ಮಂದೆಯ ಲೆಕ್ಕದಲ್ಲಿ ಎಳೆಗರು, ಕಡಸು, ಗಬ್ಬದ ಹಸು, ಹಾಲು ಕೊಡುವ ಹಸು, ಇನ್ನೂ ಈಯದ ಹಸು, ಬಂಜೆ ಇವುಗಳನ್ನು ಬೇರೆಬೇರೆ ಬರೆಯಬೇಕು. ಹುಟ್ಟಿದ ಕರುವಿಗೆ ಒಂದೆರಡು ತಿಂಗಳಲ್ಲಿ ಮುದ್ರೆಯೊತ್ತಿ ಲೆಕ್ಕಕ್ಕೆ ಸೇರಿಸಬೇಕು. ನೂರು ಹಸುಗಳ ಮಂದೆಗೆ ನಾಲ್ಕು ಹೋರಿಗಳಿರಬೇಕು ಎಂದು ಅಲ್ಲಿ ಉಕ್ತವಾಗಿದೆ. ಇಪ್ಪತ್ತೈದು ಹಸುಗಳಿಗೆ ಒಂದು ಹೋರಿ ಎಂಬ ಈ ಪ್ರಮಾಣವನ್ನು ಇಂದಿನ ಪಶುಪಾಲಕರೂ ಒಪ್ಪುವರು. ಹೋರಿಯು ಮಂದೆಯಲ್ಲಿಯೇ ಇದ್ದರೆ ಈದ ಹಸುಗಳಿಗೆ ಬೆದೆ ಬೇಗನೆ ಮರಳುತ್ತದೆಂದು ಈಚಿನ ಪರೀಕ್ಷೆಗಳಿಂದ ಗೊತ್ತಾಗಿರುವುದರಿಂದ ಆ ಪ್ರಮಾಣಕ್ಕೆ ಮತ್ತೊಂದು ಪ್ರಯೋಜನವೂ ಇದ್ದಿತೆನ್ನಬೇಕು. ಬೆಳಗ್ಗೆ ಸಂಜೆ ಎರಡು ಹೊತ್ತೂ ಕರೆಯುವುದು ಮಳೆಗಾಲ, ಶರತ್ತು, ಹೇಮಂತಗಳಲ್ಲಿ ಮಾತ್ರ. ಉಳಿದ ಋತುಗಳಲ್ಲಿ ಒಂದೇ ಹೊತ್ತು. ಮೀರಿ ಕರೆದವನಿಗೆ ಹೆಬ್ಬೆರಳು ಕತ್ತರಿಸುವ ಶಿಕ್ಷೆ.

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಗೋಪಾಲಕರ ಸಂಬಳದ್ದು. ನೂರು ಹಸುಗಳನ್ನು ಕಾಯುವ ಗೋವಳ, ಕರೆಯುವವ, ಕಡೆಯುವವ ಮೊದಲಾದವರಿಗೆ ಹಣವನ್ನೇ ಕೊಡಬೇಕು. ಹಾಲುತುಪ್ಪಗಳನ್ನು ಸಂಬಳವಾಗಿ ಕೊಟ್ಟರೆ ಅವರು ಕರುಗಳನ್ನು ಕೊಂದುಬಿಡುವರು ಎಂದು ಕೌಟಿಲ್ಯನು ಕಾರಣಸಹಿತವಾಗಿ ಹೇಳುತ್ತಾನೆ. ಹಾಲು ಮನುಷ್ಯನದೋ ಕರುವಿನದೋ ಎಂಬ ವ್ಯಾಜ್ಯವು ಈ ಒಂದು ವಾಕ್ಯದಲ್ಲಿ ಬಯಲಾಗಿದೆ. ಮೈಸೂರಿನ ಅರಸರು ಈ ಗ್ರಂಥವನ್ನು ಓದಿರಲಿಲ್ಲ. ಆದರೂ ಅದೇ ವ್ಯಾಜ್ಯವು ಅವರ ಕಾವಲುಗಳಲ್ಲಿ ಮೂರು ಶತಮಾನ ನಡೆಯಿತು.

ಅಮೃತಮಹಲಿನ ಚರಿತ್ರೆಯ ಸ್ಥೂಲರೂಪವು ರೈಸ್ ಮೊದಲಾದವರ ಗೆಜೆಟಿಯರುಗಳಿಂದ ಪ್ರಸಿದ್ಧವಾಗಿದೆ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಇಟ್ಟಿದ್ದ ಹಳ್ಳಿಕಾರ್ ಹಸುಗಳೇ ಮೂಲವೆಂದೂ, ಮೊದಲ ಸಂಸ್ಥೆಗೆ ಕರುಹಟ್ಟಿಯೆಂಬ ಹೆಸರಿದ್ದಿತೆಂದೂ ಹೇಳಿದೆ. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು ಇವರ ಕಾಲಗಳಲ್ಲಿ ಮಂದೆ ಬೆಳೆಯಿತು. ಚಿಕ್ಕದೇವರಾಜ ಒಡೆಯರು (೧೬೭೨–೧೭೦೪) ಅದಕ್ಕೆ ಬೆಣ್ಣೆಚಾವಡಿಯೆಂದು ಹೆಸರಿಟ್ಟರು. ಅರಮನೆಗೆ ಹಾಲುಬೆಣ್ಣೆಗಳನ್ನು ಒದಗಿಸುವುದು ಅದರ ಕೆಲಸ. ಹೈದರಾಲಿಯ ಕಾಲಕ್ಕೆ ಬೇಕಾದುದು ಬೆಣ್ಣೆಯಲ್ಲ, ಫಿರಂಗಿಗಳನ್ನು ಎಳೆಯುವ ಎತ್ತು. ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದ ಅವನ ಸೈನ್ಯದ ವೇಗವನ್ನು ಗೆಜೆಟಿಯರಿನಲ್ಲಿ ಈ ಎತ್ತುಗಳಿಗೇ ಸಲ್ಲಿಸಿದೆ. ಟಿಪ್ಪು ಸುಲ್ತಾನನು ಬೆಣ್ಣೆಚಾವಡಿಯನ್ನು ಅಮೃತಮಹಲೆಂದು ಕರೆದು, ಮಂದೆಗಳ ನಿರ್ವಹಣೆಗೆ ಹುಕುಂನಾಮೆಯನ್ನು ಹೊರಡಿಸಿದನು. ಹೆಸರಿನಲ್ಲಿ ಬೆಣ್ಣೆ ಹೋಗಿ ಅಮೃತ ಬಂದಿತು. ಕೆಲಸದಲ್ಲಿ ಹಾಲೇ ಹೋಯಿತು: ಮಂದೆಯ ಹಸುಗಳ ಹಾಲು ಕರುವಿನ ಪಾಲಾಯಿತು. ಬಲವಾದ ಎತ್ತನ್ನು ಪಡೆಯಬೇಕಾದರೆ ಹೋರಿಗರುವು ಹೊಟ್ಟೆತುಂಬ ಉಣ್ಣಬೇಕು, ಬಹುಕಾಲ ಉಣ್ಣಬೇಕು. ಕೌಟಿಲ್ಯನು ಸಂಬಳದಿಂದ ತಪ್ಪಿಸಲೆಳಸಿದ ಅಪಾಯವನ್ನು ಇಲ್ಲಿ ಹಾಲನ್ನೇ ಕರೆಯದೆ ತಪ್ಪಿಸಿದಂತಾಯಿತು.

ಹೀಗೆ ಅಮೃತಮಹಲಿನ ಹಸುವು ಪ್ರಾಯಶಃ ರಾಜಾಜ್ಞೆಯಿಂದಲೇ ಬಷ್ಕಯಣಿಯಾಯಿತು. ಅದು ಕೊಟ್ಟಿಗೆಯ ಪ್ರಾಣಿಯಲ್ಲ. ಹಗಲುರಾತ್ರಿ ಬಯಲಿನಲ್ಲಿಯೇ ಇದ್ದು ಅರೆಗಾಡಾಗಿ ಬೆಳೆದುದು. ಈಯುವಾಗ ಮನುಷ್ಯನ ಕೈ ಅದರ ಹತ್ತಿರಕ್ಕೆ ಹೋಗುತ್ತಿರಲಿಲ್ಲ. ಗರ್ಭಾಶಯದ ಉರಿಯೂತಕ್ಕೆ ಹೆಚ್ಚು ಅವಕಾಶವಿರುವುದು ಕೊಳಕಾದ ಇಕ್ಕಟ್ಟಿನ ನೆಲದಲ್ಲಿ ಈದ, ಕರುವನ್ನು ಎಳೆದು ತೆಗೆದ, ಮಾಸು ನಿಂತ ಹಸುಗಳಲ್ಲಿ. ಬಯಲಿನಲ್ಲಿ ತಾನೇ ಈದು ತಾನೇ ಮಾಸು ಹಾಕಿದ ಹಸುವಿಗೆ ಆ ಭಯ ಕಡಮೆ. ಅಲ್ಲದೆ, ಗರ್ಭಾಶಯದ ರೋಗದಿಂದ ವಿಳಂಬವಾಗುತ್ತಿದ್ದರೆ ಒಂದು ಹಸುವು ಬೇಗ, ಮತ್ತೊಂದು ತಡವಾಗಿ, ಮತ್ತೊಂದು ಎಂದಿಗೂ ಇಲ್ಲ ಎಂಬಂತೆ ಮಂದೆಯು ಚೂರುಚೂರಾಗಬೇಕಾಗಿದ್ದಿತು. ಅಪವಾದವಾದರೋ ತಳಿಗೆ ತಳಿಯನ್ನೇ ಹಿಡಿದುದು. ಎಲ್ಲ ಹಸುಗಳಿಗೂ ಸಾಮಾನ್ಯವಾಗಿದ್ದುದು ಕರು ಮತ್ತು ಮೇವು. ವಿಳಂಬದ ಕಾರಣವನ್ನು ಅವುಗಳಲ್ಲಿ ಹುಡುಕುವುದೇ ಯುಕ್ತ. ಪಾಶ್ಚಾತ್ಯ ದೇಶಗಳಲ್ಲಿ ಮಾಂಸಕ್ಕಾಗಿ ಸಾಕುವ ಹಸುಗಳ ಸ್ಥಿತಿಯೂ ಇದೇ. ಉದ್ದೇಶವು ಎಷ್ಟು ಭಿನ್ನವಾದರೂ ಅಲ್ಲಿಯೂ ಹಾಲನ್ನು ಕರೆಯುವುದಿಲ್ಲ, ಕರುವೇ ಫಲ. ಆ ಹಸುಗಳಿಗೂ ಕರು ಉಣ್ಣುವುದರಿಂದ ಬೆದೆ ತಡವಾಗುವುದನ್ನು ಕಂಡು, ಕರುವನ್ನು ಎರಡು ದಿನ ಅಗಲಿಸಿ ಬೆದೆಯನ್ನು ತರಿಸುವ ಉಪಾಯವನ್ನು ಅಲ್ಲಿಯ ಪಶುವೈದ್ಯರು ಹೇಳುತ್ತಾರೆ. ಅರೆಗಾಡಿನ ಮಂದೆಯಲ್ಲಿ ತಾಯಿಯಿಂದ ಕರುವನ್ನು ಬೇರ್ಪಡಿಸುವುದು ಸುಲಭವಾಗಿರಲಿಲ್ಲ. ಎತ್ತಿಗಾಗಿ ನಡೆದ ಮಂದೆಗೆ ಅದು ಇಷ್ಟವೂ ಆಗಿರಲಾರದು.

ಮೇವಿನ ವಿಷಯದಲ್ಲಿ ಅರಸರ ವ್ಯವಸ್ಥೆಯು ನಿಜವಾಗಿಯೂ ಪ್ರಶಂಸನೀಯ. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಗೆಯ ಕಾವಲು ಕೆರೆಯಂಗಳದಂಥ ನೀರುನೆರಳಿನ ಸ್ಥಳದಲ್ಲಿರುತ್ತಿತ್ತು. ಮಳೆ ಬಿದ್ದು ಹುಲ್ಲು ಚಿಗುರಿದೊಡನೆ ಮಂದೆಯು ಬೇರೆಡೆಗೆ ಹೊರಡುತ್ತಿತ್ತು. ಈದ ಹಸುವಿನ ಮೈ ತುಂಬದೆ ಬೆದೆ ಬಾರದಾದುದರಿಂದ, ಸಮಾಂಸಮೀನೆಯ ೮೦ ದಿನಗಳ ಲೆಕ್ಕವನ್ನು ಕಾಯುವುದಕ್ಕೆ ಔಷಧಕ್ಕಿಂತ ಈ ಹುಲ್ಲಿನ ನೆಲಗಳೇ ಹೆಚ್ಚು ಸಮರ್ಥವಾಗಿದ್ದುವು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮಂದೆಗಳು ಕ್ಷೀಣಿಸಿದುವು. ೧೮೧೩ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವಿಯು ವಹಿಸಿಕೊಂಡು ಹತ್ತು ವರ್ಷಗಳಲ್ಲಿ ಅವನ್ನು ಮೊದಲಿನ ಸ್ಥಿತಿಗೆ ತಂದನು. ಅವನಿಗೂ ಅವನ ಅನುಯಾಯಿಗಳಿಗೂ ಟಿಪ್ಪುವಿನ ಹುಕುಂನಾಮೆಯೇ ದಾರಿಯಾಗಿತ್ತು. ೧೮೬೦ರಲ್ಲಿ ಮದರಾಸಿನ ಗವರ್ನರ್ ಸರ್ ಚಾರಲ್ಸ್ ಟ್ರೆವೆಲಿಯನ್ನನು ವೆಚ್ಚವನ್ನು ಉಳಿಸುವುದಕ್ಕಾಗಿ ಸಂಸ್ಥೆಯನ್ನೇ ಮುರಿದು ಮಂದೆಗಳನ್ನು ಮಾರಿಸಿದನು. ಎತ್ತುಗಳ ಅಭಾವವು ಬೇಗನೆ ತೋರಿತು. ಕೆಲವೇ ವರ್ಷಗಳಲ್ಲಿ, ೧೮೬೬ರ ಹೊತ್ತಿಗೆ, ಪುನಃ ಸ್ಥಾಪಿಸಬೇಕಾಯಿತು. ಮಾರುವುದಕ್ಕೆ ಒಂದು ಆಜ್ಞೆ ಸಾಕು. ಚೊಚ್ಚಲು ಈಯಲು ನಾಲ್ಕು ವರ್ಷವನ್ನೂ ಮತ್ತೆ ಈಯಲು ವರ್ಷಕ್ಕಿಂತ ಹೆಚ್ಚನ್ನೂ ತೆಗೆದುಕೊಳ್ಳುವ ಹಸುವಿನಿಂದ ಮಂದೆಯನ್ನು ಕಟ್ಟುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ಆಗ ಲೆಕ್ಕಹಾಕಿದಂತೆ ಕಾಣುವುದಿಲ್ಲ. ೧೮೮೦ರ ದಶಕದ ಆರಂಭದಲ್ಲಿ ಸಂಸ್ಥೆಯು ಮೈಸೂರು ಸರಕಾರಕ್ಕೆ ಬಂದಿತು. ೧೯೨೩ರಲ್ಲಿ ಸೈನ್ಯದ ಇಲಾಖೆಯಿಂದ ಕೃಷಿ ಇಲಾಖೆಗೆ ಸೇರಿತು. ೧೯೨೯ರಲ್ಲಿ ಅಜ್ಜಂಪುರದ ತಳಿಸಂವರ್ಧನ ಕೇಂದ್ರವು ಏರ್ಪಟ್ಟಿತು. ಕಾವಲುಗಳು ಮಾತ್ರ ಕಾಲಕ್ರಮದಲ್ಲಿ ಅನ್ಯೋಪಯೋಗಗಳಿಗೆ ಹೋಗುತ್ತ ಬಂದುವು. ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ವ್ಯಾಜ್ಯವು ೨೦೧೦ರ ದಶಕದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು.

ಕಾವಲಿನ ಹಸುವಿನ ಕಥೆ ಹೀಗಿರುವಾಗ ಮೈಸೂರು ನಗರದೊಳಗೆ ಮತ್ತೊಂದು ಪ್ರಯತ್ನವು ನಡೆಯಿತು. ೧೯೩೯ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಅರಮನೆಯ ಡೈರಿ ಫಾರಂನಲ್ಲಿ ಡಾಕ್ಟರ್ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಗಳ ವೀರ್ಯವನ್ನು ಕೃತಕವಾಗಿ ಸೇರಿಸಿದರು. ೩೩ ಹಸುಗಳು ಗಬ್ಬವಾದುವು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಪ್ರಯೋಗವೆಂದು ಪಶುವೈದ್ಯದ ಪಠ್ಯಗ್ರಂಥಗಳಲ್ಲಿ ಇದೇ ಉಲ್ಲೇಖಿತವಾಗಿದೆ. ಇಜ್ಜತ್‌ನಗರದಲ್ಲಿ ಆ ಕಾರ್ಯವು ಆರಂಭವಾದುದು ೧೯೪೨ರಲ್ಲಿ. ಅಮೃತಮಹಲಿನ ಮೂಲತಳಿಯಾದ ಹಳ್ಳಿಕಾರನ್ನೇ ಇದಕ್ಕೆ ಆರಿಸಿಕೊಂಡುದು ಗಮನಾರ್ಹ. ಎತ್ತಿಗಾಗಿ ಬೆಳೆದ ತಳಿಯು ಇಲ್ಲಿ ಮತ್ತೆ ಬೆಣ್ಣೆಚಾವಡಿಯ ಕೆಲಸಕ್ಕೆ ಬಂದಿತು.

ಈ ಪ್ರಯೋಗದಿಂದ ಹಸುವಿನ ಪ್ರಸವೋತ್ತರ ಕಾಲದ ಭಾರವು ಹೋರಿಯಿಂದ ಮನುಷ್ಯನಿಗೆ ವರ್ಗವಾಯಿತು. ಮಂದೆಯಲ್ಲಿ ಉಪಸರ್ಯೆಯನ್ನು ಗುರುತಿಸುವುದು ಹೋರಿಯ ಕೆಲಸವಾಗಿತ್ತು; ಅದು ತಪ್ಪುವುದು ಅಪರೂಪ. ಹೋರಿಯಿಲ್ಲದ ಕೊಟ್ಟಿಗೆಯಲ್ಲಿ ಆ ಗುರುತನ್ನು ಮನೆಯವರೇ ಕಾಣಬೇಕು: ಹಸುವಿನ ಕೂಗು, ಲೋಳೆಯ ಸ್ರಾವ, ಇತರ ಹಸುಗಳ ಮೇಲೆ ಹತ್ತುವುದು, ಹಾಲು ಇಳಿಯುವುದು. ಬೆದೆಯ ಸಮಯವು ಒಂದು ಹಗಲಿನಷ್ಟೂ ಇರುವುದಿಲ್ಲ. ರಾತ್ರಿ ಬಂದು ಹೋದ ಬೆದೆಯನ್ನು ಯಾರೂ ಕಾಣುವುದಿಲ್ಲ. ಹೋರಿಯಿಂದ ಹರಡುವ ರೋಗಗಳು ಕೃತಕಕ್ರಮದಿಂದ ತಪ್ಪಿದುವೆಂಬುದು ದೊಡ್ಡ ಲಾಭವೇ ಸರಿ. ಆದರೆ ಕೊಟ್ಟಿಗೆಯ ನೆಲದಲ್ಲಿ ಈದು, ಹೆಚ್ಚು ಹಾಲು ಕೊಟ್ಟು ಮೈ ಸೋತ ಮಿಶ್ರತಳಿಯ ಹಸುವಿಗೆ ಮಾಸು ನಿಲ್ಲುವ, ಗರ್ಭಾಶಯವು ಕೆಡುವ ಭಯವು ಕಾವಲಿನ ಹಸುವಿಗಿಂತ ಹೆಚ್ಚು. ಬೆದೆಗೇನೋ ಕ್ರಮವಾಗಿ ಬರುತ್ತದೆ, ಗಬ್ಬ ಮಾತ್ರ ನಿಲ್ಲುವುದಿಲ್ಲ ಎಂದು ಇಂದು ಹಳ್ಳಿಗಳಲ್ಲಿ ಕೇಳಿಬರುವ ದೂರು ಈ ಬಗೆಯ ಹಸುವಿನದು. ಇದು ಬಷ್ಕಯಣಿಯಲ್ಲ, ಇದರ ಪಕ್ಕದಲ್ಲಿ ಉಣ್ಣುವ ಬಷ್ಕಯವೇ ಇರುವುದಿಲ್ಲ. ಹಲವು ಸಲ ಈದುದೂ ಆಗಿರಬಹುದಾದುದರಿಂದ ಇದನ್ನು ವಶೆಯೆನ್ನುವುದೂ ಸಲ್ಲದು. ಹೋರಿಯನ್ನು ಕಾಣದುದರಿಂದ ವೇಹತ್ತೂ ಆಗದು. ಅಮರಸಿಂಹನ ಪಟ್ಟಿಯಲ್ಲಿ ಈ ಹಸುವಿಗೆ ಹೆಸರಿಲ್ಲ.